ತನಿ ಬಂದಾಗ ಎದ್ದು ಹೋದವರು

ನಮ್ಮ ಬ್ಯಾಂಡಿನ ಮೊದಲ ಆಲ್ಬಂ ಹೊರಬಂದ ವಾರ ವಿಮರ್ಶಕರ ಕೃಪೆ ಧಾರಾಳವಾಗಿ ಸುರಿಯಿತು. ಒಟ್ಟು ಇಬ್ಬರು ಬರೆದರು. ನಾವು ನುಡಿಸುವುದು ಸೈಕೆಡೆಲಿಕ್ ರಾಕ್, ಎಂದರೆ ಗಿಟಾರನ್ನು ಬಕೆಟ್ ನೀರಿನಲ್ಲಿ ಅದ್ದಿ ತೆಗೆದಂತೆ ಕೇಳಿಸುವ ಸಂಗೀತ. ವಿಷಯ, ಜಯನಗರದಲ್ಲಿ ನಾನು ಹುಟ್ಟಿ ಬೆಳೆದ ಮನೆ. ಅದನ್ನು ಮಾರಿದ ಮೇಲೆ ಕೊಂಡವರು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಾರೆ. ಮೊದಲನೆಯ ವಿಮರ್ಶಕ ಬೇರೆ ಊರಿನಿಂದ ಬಿಟಿಎಂ ಲೇಔಟಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಳೆದುಹೋದ ಬೆಂಗಳೂರಿಗಾಗಿ ನನಗಿಂತ ಜೋರಾಗಿ ಅತ್ತಿದ್ದ. ಎರಡನೆಯಾಕೆ, ಹಳೆಯದನ್ನು ನೆನೆಯುವುದು ಸೋಮಾರಿಗಳ ಕಸುಬು ಎಂದು ತೀರ್ಪಿತ್ತು ಐದಕ್ಕೆ ಎರಡೂವರೆ ನಕ್ಷತ್ರ ದಯಪಾಲಿಸಿದಳು. ಆ ಅರ್ಧ ನಕ್ಷತ್ರ ಯಾವ ಪುಣ್ಯಕ್ಕೆ ಬಂತೋ ತಿಳಿಯದು.

ನನಗೆ ಬೇಕಾಗಿದ್ದದ್ದು ಅಪ್ಪನ ಒಂದು ಮಾತು. ಆ ಮನೆಯಲ್ಲಿ ನನಗಿಂತ ಹೆಚ್ಚು ಕಾಲ ಇದ್ದವರು ಅವರು. ಅದಕ್ಕೇ ಒಂದು ಭಾನುವಾರ ಸಂಜೆ ಜೆ.ಪಿ. ನಗರದ ನಮ್ಮ ಫ್ಲಾಟಿನಲ್ಲಿ ನೆಂಟರನ್ನೂ ಬ್ಯಾಂಡಿನವರನ್ನೂ ಕೂರಿಸಿ ಆಲ್ಬಂ ಹಾಕಿದೆ. ನೆಂಟರೆಲ್ಲ ರಾಮನವಮಿ ಪೆಂಡಾಲಿನ ಕಛೇರಿಗಳಲ್ಲಿ ಪಳಗಿದವರು. ಯಾವ ತಾಳವೆಂದು ತಿಳಿಯದಿದ್ದರೂ ಮರ್ಯಾದೆಗೆ ತೊಡೆ ತಟ್ಟಿದರು. ಸೋದರಮಾವ ಇದು ಯಾವ ರಾಗವೆಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ಒಂದು ಹೆಸರಿಟ್ಟರು.

ಆಮೇಲೆ ಮನೆಯ ಹಾಡು ಬಂತು. ಎಲ್ಲಿ ಹೋಯಿತು ನಮ್ಮ ಮನೆ, ಯಾರು ಕಿತ್ತುಕೊಂಡರು ಎಂದು ಗೋಳಿಡುವ ಉದ್ದನೆಯ ಹಾಡು. ನಡುವೆ ಡ್ರಮ್ಸ್ ಮಾತ್ರ ನುಡಿಯುವ ಭಾಗವಿದೆ. ಅದು ಶುರುವಾದದ್ದೇ ತಡ, ಇಡೀ ಸಭೆ ಎದ್ದಿತು. ಕಛೇರಿಯಲ್ಲಿ ಮೃದಂಗದವರು ಒಬ್ಬರೇ ನುಡಿಸುವ ತನಿ ಬಂದೊಡನೆ ಕ್ಯಾಂಟೀನಿಗೆ ನಡೆಯುವುದು ನಮ್ಮವರ ಹುಟ್ಟುಗುಣ.

"ತನಿ ಬಂತು, ಕಾಫಿ ಕುಡ್ಕೊಂಡ್ ಬರೋಣ" ಎಂದು ಅತ್ತೆ ಅಡುಗೆಮನೆಯತ್ತ ಹೊರಟರು.

ನಮ್ಮ ಡ್ರಮ್ಮರ್ ಖಾಲಿ ಕುರ್ಚಿಗಳನ್ನು ನೋಡಿ, "ಸಖತ್ ರಿವ್ಯೂ ಗುರು" ಎಂದ.

ನಾನೂ ನಗುತ್ತಿದ್ದೆ, ಅಪ್ಪನ ಕುರ್ಚಿಯೂ ಖಾಲಿ ಇದ್ದದ್ದು ಕಾಣುವವರೆಗೆ. ಎಲ್ಲರಿಗಿಂತ ಮೊದಲು ಎದ್ದವರು ಅವರೇ ಅಂತೆ. ತನಿಯಲ್ಲಿ ಎದ್ದು ಹೋಗುವವರನ್ನು ಪೆಂಡಾಲಿನಲ್ಲೇ ತರಾಟೆಗೆ ತೆಗೆದುಕೊಳ್ಳುವ ಮನುಷ್ಯ! ನನಗೆ ಮೈ ಉರಿಯಿತು. ಹುಡುಕಿಕೊಂಡು ಹೋದರೆ ಬಾಲ್ಕನಿಯಲ್ಲಿ ಒಬ್ಬರೇ ನಿಂತಿದ್ದರು. ಕೈಯಲ್ಲಿ ಕಾಫಿಯೂ ಇರಲಿಲ್ಲ.

"ಅಷ್ಟು ಕೆಟ್ಟದಾಗಿದ್ಯಾ ಅಪ್ಪ? ನೀವೇ ಎದ್ದು ಬಂದ್ಬಿಟ್ರಲ್ಲ."

"ಚೆನ್ನಾಗೇ ಇದೆ ಕಣೆ." ಮುಖ ರಸ್ತೆಯತ್ತ ತಿರುಗಿಸಿದರು. "ಯಾರು ಕಿತ್ಕೊಂಡ್ರು ಅಂತ ಎಲ್ರನ್ನೂ ಕೂರಿಸ್ಕೊಂಡು ಕೇಳ್ತಿದ್ದೀಯ. ಮಾರಿದ್ದು ನಾನು. ಅಲ್ಲಿ ಕೂತ್ಕೊಂಡು ಯಾರ ಮುಖ ನೋಡ್ಲಿ ಹೇಳು?"

ಒಳಗೆ ಡ್ರಮ್ಸ್ ಮುಗಿದು ನನ್ನ ದನಿ ಮತ್ತೆ ಅದೇ ಪ್ರಶ್ನೆ ಎತ್ತಿಕೊಂಡಿತ್ತು. ನೆಂಟರು ಕಾಫಿ ಲೋಟ ಹಿಡಿದು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ನಾನು ಹೋಗಿ ಹಾಡು ನಿಲ್ಲಿಸಿದೆ.