ಹಿಂದಕ್ಕೆ ಹೋದ ಬೈಕು

ಕೋವಿಡ್ ಕಳೆದು ಜನ ಮತ್ತೆ ಧೈರ್ಯವಾಗಿ ರಸ್ತೆಗಿಳಿದ ವರ್ಷ. ಅನಂತಪುರದ ಕೈಗಾರಿಕಾ ಪ್ರದೇಶದ ಹತ್ತಿರ ನನ್ನ ವರ್ಕ್‌ಶಾಪ್ ಇತ್ತು. ಹಳೆಯ ಟೂ-ಸ್ಟ್ರೋಕ್ ಬೈಕುಗಳ ಎಂಜಿನ್ ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ಈಗ ಅದನ್ನು ತಮ್ಮ ನೋಡಿಕೊಳ್ಳುತ್ತಾನೆ. ಭಾನುವಾರ ಸಂಜೆ ಹಳೆಯ ಸ್ಪೋರ್ಟ್ಸ್ ಬೈಕುಗಳ ಸವಾರರು ಅಲ್ಲಿ ಸೇರುತ್ತಿದ್ದರು. ಒಬ್ಬನ ಬೈಕು ಮಳೆ ಬಂದರೆ ಒಂದೇ ಸಿಲಿಂಡರಿನಲ್ಲಿ ಓಡುವುದು, ಇನ್ನೊಬ್ಬನದು ಎಡಕ್ಕೆ ವಾಲಿಸಿ ಒದ್ದರೆ ಮಾತ್ರ ಏಳುವುದು. ತಮ್ಮ ತಮ್ಮ ಎಂಜಿನ್ನಿನ ಹಠವನ್ನು ಹೆಮ್ಮೆಯಿಂದ ಹೇಳಿಕೊಂಡು ನಗುತ್ತಿದ್ದರು.

ಒಂದು ಸಂಜೆ ಇಕ್ಬಾಲ್ ಮಾತ್ರ ನಗಲಿಲ್ಲ. ಅವನು ಶಾರ್ಜಾದಿಂದ ಮರಳಿ ಮಧೂರಿನ ಹತ್ತಿರ ಟೈಲ್ಸ್ ಅಂಗಡಿ ಇಟ್ಟಿದ್ದ. ಅವನ ಕೈಯಲ್ಲಿದ್ದದ್ದು ಎರಡು ಸಿಲಿಂಡರಿನ 350 ಸಿಸಿ ಬೈಕು. ಅದು ಅವನ ಗೆಳೆಯ ಸದಾನಂದನದು. ಹಿಂದಿನ ವರ್ಷ ಇಬ್ಬರೂ ಕಾರಡ್ಕದ ಕಡೆ ಹೋಗುತ್ತಿದ್ದಾಗ, ಏರಿನ ತುದಿಯ ತಿರುವಿನಲ್ಲಿ ಸದಾನಂದ ಬೈಕನ್ನು ಬದಿಗೆ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಅಲ್ಲೇ ಕುಸಿದಿದ್ದ. ಹೃದಯಾಘಾತ. ಹಿಂದಿನಿಂದ ಬಂದ ಇಕ್ಬಾಲ್ ತಲುಪುವಾಗ ಉಸಿರಿರಲಿಲ್ಲ. ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಸದಾನಂದನ ಹೆಂಡತಿ ವಿಮಲಾ ಟೀಚರ್, "ಇದು ತುಕ್ಕು ಹಿಡಿಯುವುದು ಬೇಡ, ನೀವೇ ಓಡಿಸಿ" ಎಂದು ಬೈಕನ್ನು ಇಕ್ಬಾಲನಿಗೆ ಕೊಟ್ಟಿದ್ದರು.

"ರಾಜಣ್ಣ, ಆ ತಿರುವಿನಲ್ಲಿ ಬೈಕು ಮುಂದೆ ಹೋಗುವುದಿಲ್ಲ," ಎಂದ ಇಕ್ಬಾಲ್. "ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಹಿಂದೆ ಹೋಗ್ತದೆ."

ಒಬ್ಬ ನಕ್ಕ. "ಬೈಕಿಗೆ ರಿವರ್ಸ್ ಗೇರ್ ಎಲ್ಲಿ ಉಂಟು ಮಾರಾಯ?"

"ನಿನ್ನೆ ಹಿಂದೆ ಬಸ್ಸಿತ್ತು. ಡ್ರೈವರ್ ಬ್ರೇಕ್ ಹೊಡೆಯದಿದ್ದರೆ ನಾನು ಇವತ್ತು ಇಲ್ಲಿ ಇರುತ್ತಿರಲಿಲ್ಲ." ಯಾವ ತಿರುವು ಎಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಯಾರೂ ನಗಲಿಲ್ಲ.

ನನಗೆ ಕಾರಣದ ಅಂದಾಜಿತ್ತು. ಟೂ-ಸ್ಟ್ರೋಕ್ ಎಂಜಿನ್ ಎರಡೂ ದಿಕ್ಕಿಗೆ ತಿರುಗಬಲ್ಲದು. ಪಿಸ್ಟನ್ ಮೇಲೆ ತಲುಪುವ ತುಂಬ ಮೊದಲೇ ಕಿಡಿ ಹಾರಿದರೆ, ನಿಧಾನದಲ್ಲಿರುವ ಎಂಜಿನ್ ಒದೆ ತಿಂದಂತೆ ಹಿಮ್ಮುಖವಾಗಿ ತಿರುಗತೊಡಗುತ್ತದೆ. ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟ್ ಪ್ಲೇಟ್ ಗುರುತಿನಿಂದ ಸ್ವಲ್ಪ ಸರಿದಿತ್ತು. ಸರಿಪಡಿಸಿ, ಸ್ಕ್ರೂ ಬಿಗಿದು ಕೊಟ್ಟೆ. ಮುಂದಿನ ವಾರ ಇಕ್ಬಾಲ್ ಬೈಕನ್ನು ಪಿಕ್‌ಅಪ್ಪಿನಲ್ಲಿ ಹಾಕಿಕೊಂಡು ಬಂದ. ಮತ್ತೆ ಅದೇ ತಿರುವು, ಅದೇ ಜಾಗ.

"ಅವ ನನ್ನನ್ನು ದಾಟಲು ಬಿಡುವುದಿಲ್ಲ ರಾಜಣ್ಣ. ಇದನ್ನು ಟೀಚರಿಗೆ ವಾಪಸು ಕೊಡ್ತೇನೆ. ಆದರೆ ಯಾಕೆ ಅಂತ ಕೇಳಿದ್ರೆ ಎಂತ ಹೇಳುವುದು?"

ನಾನೇ ಓಡಿಸಿ ನೋಡುತ್ತೇನೆ ಎಂದೆ. ಪ್ಲೇಟನ್ನು ಮತ್ತೆ ಗುರುತಿಗೆ ತಂದು ಬಿಗಿದೆ. ಮರುದಿನ ಮಧ್ಯಾಹ್ನ ಅವನ ಮನೆಯಿಂದ ಹೊರಟೆವು. ನಾನು ಬೈಕಿನಲ್ಲಿ, ಅವನು ತುಂಬ ದೂರ ಬಿಟ್ಟು ಸ್ಕೂಟರಿನಲ್ಲಿ. ಏರಿನಲ್ಲಿ ಎರಡೂ ಬದಿಗೆ ಕಡಿದ ಕೆಂಪು ಮುರಕಲ್ಲಿನ ಗೋಡೆ. ನಡು ಮಧ್ಯಾಹ್ನವಾದರೂ ಒಂದು ಹಕ್ಕಿಯ ದನಿಯಿಲ್ಲ. ನನ್ನ ಎಂಜಿನ್ನಿನ ಸದ್ದು ಗೋಡೆಗೆ ತಾಗಿ ಮರಳುವಾಗ ಹಿಂದಿನಿಂದ ಅಂಥದೇ ಇನ್ನೊಂದು ಬೈಕು ಬರುತ್ತಿರುವಂತೆ ಕೇಳುತ್ತಿತ್ತು. ಕನ್ನಡಿ ನೋಡಿದೆ. ಇಕ್ಬಾಲನ ಸ್ಕೂಟರ್ ಕೂಡ ಕಾಣಿಸಲಿಲ್ಲ.

ತಿರುವು ಇಕ್ಕಟ್ಟಿನದು. ಎದುರಿಂದ ವಾಹನ ಬರುತ್ತದೆಯೋ ಎಂದು ನೋಡಲು ಯಾರಾದರೂ ಬಹುತೇಕ ನಿಲ್ಲಲೇಬೇಕು. ಥ್ರಾಟಲ್ ಬಿಟ್ಟು ಕ್ಲಚ್ ಹಿಡಿದೆ. ಎಂಜಿನ್ ಸಾಯುವಂತೆ ಕುಗ್ಗಿ, ಒಮ್ಮೆ ನಡುಗಿ, ಮತ್ತೆ ಓಡತೊಡಗಿತು. ಸದ್ದು ಮಾತ್ರ ತುಸು ಬೇರೆ, ಗಂಟಲು ಕಟ್ಟಿದ ಹಾಗೆ. ಮೀಟರ್ ನೋಡಿದೆ. ಎಂಜಿನ್ ಓಡುತ್ತಿದೆ, ಆದರೆ ಅದರ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಸೊನ್ನೆಗಿಂತ ಕೆಳಗೆ ಒತ್ತಿಕೊಂಡು ಮಲಗಿದೆ. ಎಂಜಿನ್ ಹಿಮ್ಮುಖವಾಗಿ ತಿರುಗುತ್ತಿದೆ ಎಂದು ಗೊತ್ತಿದ್ದೂ ಮತ್ತೊಮ್ಮೆ ಕನ್ನಡಿ ನೋಡಿದೆ. ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಟ್ಟೆ. ಯಾರೋ ಹಿಂದಿನ ಹಿಡಿಕೆ ಹಿಡಿದು ಎಳೆದಂತೆ ಬೈಕು ನನ್ನನ್ನು ಕೂರಿಸಿಕೊಂಡೇ ಹಿಂದಕ್ಕೆ ಸರಿಯಿತು.

ಕೀ ತಿರುಗಿಸಿ ಆಫ್ ಮಾಡಿದೆ. ಇಕ್ಬಾಲ್ ಬಂದು ದೂರದಲ್ಲೇ ನಿಂತ. ಎಂಜಿನ್ ಆರುವ ಮೊದಲೇ ರಸ್ತೆ ಬದಿಯಲ್ಲಿ ಕುಳಿತು ಮುಚ್ಚಳ ಬಿಚ್ಚಿದೆ. ಬಿಸಿ ಕೈ ಸುಡುತ್ತಿತ್ತು. ಹಿಂದಿನ ದಿನವಷ್ಟೇ ಬಿಗಿದಿದ್ದ ಪ್ಲೇಟ್ ಬೆರಳು ತಾಗಿಸಿದರೆ ಅಲುಗುತ್ತಿತ್ತು. ಸ್ಕ್ರೂ ಕೂರುವ ಅಲ್ಯೂಮಿನಿಯಂ ತೂತಿನ ಥ್ರೆಡ್ ಸವೆದು ಹೋಗಿತ್ತು. ತಣ್ಣಗಿದ್ದಾಗ ಹಿಡಿತ ಇರುತ್ತಿತ್ತು. ಕಾದಾಗ ಅಲ್ಯೂಮಿನಿಯಂ ಹಿಗ್ಗಿ ಸ್ಕ್ರೂ ಸಡಿಲವಾಗುತ್ತಿತ್ತು. ಇಕ್ಬಾಲನ ಮನೆಯಿಂದ ಹೊರಟ ಬೈಕು ಚೆನ್ನಾಗಿ ಕಾಯುವುದು ಈ ಏರಿನಲ್ಲಿ, ವೇಗ ಸಾಯುವುದು ಈ ತಿರುವಿನಲ್ಲಿ. ಹಾಗಾಗಿ ಪ್ರತಿ ಸಲವೂ ಇದೇ ಜಾಗ.

ಎಲ್ಲವನ್ನೂ ಅವನಿಗೆ ತೋರಿಸಿ ವಿವರಿಸಿದೆ. ಕೇಳಿದ, ತಲೆಯಾಡಿಸಿದ.

ವರ್ಕ್‌ಶಾಪಿನಲ್ಲಿ ತೂತಿಗೆ ಹೊಸ ಥ್ರೆಡ್ ಕೂರಿಸಿ ಬೈಕು ಕೊಟ್ಟೆ. ಮುಂದಿನ ಭಾನುವಾರ ಇಕ್ಬಾಲ್ ಕಾರಡ್ಕಕ್ಕೆ ಹೋಗಿ ನೇರ ನನ್ನಲ್ಲಿಗೆ ಬಂದ. ಹೆಲ್ಮೆಟ್ ತೆಗೆದಾಗ ಅವನ ಕಣ್ಣು ಕೆಂಪಾಗಿತ್ತು.

"ಮತ್ತೆ ತೊಂದರೆ ಕೊಟ್ಟಿತಾ?"

"ಇಲ್ಲ. ಸುಮ್ಮನೆ ದಾಟಿ ಹೋಯಿತು." ಬೆಂಚಿನ ಮೇಲೆ ಕುಳಿತು ಬೈಕಿನ ಕಡೆ ನೋಡಿದ. "ಇಷ್ಟು ದಿನ ಹೆದರಿಕೆ ಇತ್ತು ರಾಜಣ್ಣ. ಆದರೂ ಅವ ಅಲ್ಲೇ ಉಂಟು ಅಂತ ಇತ್ತು. ಇವತ್ತು ಅಲ್ಲಿ ಯಾರೂ ಇರಲಿಲ್ಲ."

ನಾನು ಸ್ಪ್ಯಾನರ್ ಕೆಳಗಿಟ್ಟು ಅವನ ಪಕ್ಕ ಕುಳಿತೆ. ಅಂದು ಬೇರೆ ಯಾವ ಬೈಕನ್ನೂ ಮುಟ್ಟಲಿಲ್ಲ. ಗೆಳೆಯ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು.

ಯಂತ್ರಕ್ಕೆ ಬಂದ ದೋಷಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ; ಇದು ನನಗೆ ಮೊದಲೇ ಗೊತ್ತಿತ್ತು. ಆ ದೋಷವನ್ನೇ ಒಬ್ಬ ಮನುಷ್ಯ ಗಟ್ಟಿಯಾಗಿ ಹಿಡಿದುಕೊಂಡಿರಬಹುದು ಎಂಬುದನ್ನು ಕಲಿತದ್ದು ಇಕ್ಬಾಲನಿಂದ. ಆಮೇಲಿನ ವರ್ಷಗಳಲ್ಲಿ, ತೀರಿಕೊಂಡವರ ಗಾಡಿಯನ್ನು ಯಾರಾದರೂ ತಂದರೆ, ಎಂಜಿನ್ನಿಗೆ ಕೈ ಹಾಕುವ ಮೊದಲು ತಂದವರನ್ನು ಕೂರಿಸಿ, ಗಾಡಿ ಯಾರದಾಗಿತ್ತು ಎಂದು ಕೇಳುತ್ತಿದ್ದೆ.