ಹೊಟ್ಟೆ ಸೀಳದ ದ

ನಮ್ಮ ಮನೆಗೆ ಬಂದ ಹೊಸ ವಾಷಿಂಗ್ ಮಷಿನ್ನನ್ನು ನಾನು ಮೊದಲ ದಿನವೇ ಬೈದೆ. ಅದರ ಮೇಲೆ ಒಂದು ಗುಂಡಿಯೂ ಇರಲಿಲ್ಲ. ಬರೀ ನುಣುಪು ಗಾಜು. ಎಲ್ಲಿ ಮುಟ್ಟಬೇಕು ಎಂಬುದು ಕಣ್ಣಿದ್ದವರಿಗಷ್ಟೇ ತಿಳಿಯಬೇಕು. ನನ್ನ ಹೆಂಡತಿಗೆ ಕಣ್ಣು ಕಾಣುವುದಿಲ್ಲ. ಅವಳು ಗಾಜಿನ ಮೇಲೆ ಬೆರಳಾಡಿಸಿ, "ಹಿಟ್ಟಿನ ಗಿರಣಿಗಾದ್ರೂ ಒಂದು ಹಿಡಿಕಿ ಇರ್ತೈತಲ್ರಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿ ಜಗಳ ತೆಗೆದೆ. "ಮೊಬೈಲ್‌ನ್ಯಾಗ ಆ್ಯಪ್ ಹಾಕ್ಕೋರಿ ಸರ್, ಎಲ್ಲಾ ಅದರಾಗ ಐತಿ" ಎಂದ. ಹಾಕಿದೆವು. ಅವಳ ಮೊಬೈಲು ಆ ಆ್ಯಪನ್ನು ಓದಿ ಹೇಳಿತು: "ಬಟನ್. ಬಟನ್. ಹೆಸರಿಲ್ಲದ ಬಟನ್." ನಾನು ಇನ್ನೂ ಬೈಯುತ್ತಿರುವಾಗಲೇ ಅವಳು ತನ್ನ ಹಣೆಗೆ ಅಂಟಿಸುವ ಟಿಕಳಿಯ ಪಾಕೀಟು ತಂದು, ನನ್ನನ್ನು ಕೇಳಿ ಕೇಳಿ, ಮುಟ್ಟಬೇಕಾದ ಜಾಗಗಳ ಪಕ್ಕದಲ್ಲಿ ಒಂದೊಂದು ಟಿಕಳಿ ಅಂಟಿಸಿದಳು. ಅವತ್ತಿನಿಂದ ಮಷಿನ್ನು ಅವಳ ಮಾತು ಕೇಳುತ್ತಿದೆ.

ನಾನು ಸಿಂದಗಿಯ ಐಟಿಐ ಒಂದರಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತೇನೆ. ಮನೆಯಲ್ಲಿ ಬಳಸುವುದು ಲಿನಕ್ಸ್. ಅದೂ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆಯೇ, ಆದರೆ ಪುಕ್ಕಟೆ ಸಿಗುತ್ತದೆ, ಒಳಗೆ ಕೈ ಹಾಕಿ ಬೇಕಾದಂತೆ ತಿದ್ದಿಕೊಳ್ಳಬಹುದು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಆ ಪೋರ ನಾನೇ. ಪ್ರಿಂಟರ್ ಕೊಂಡರೆ ಅದರ ಡಬ್ಬಿಯ ಮೇಲೆ ಎಲ್ಲರ ಹೆಸರೂ ಇರುತ್ತದೆ, ಲಿನಕ್ಸಿನದು ಇರುವುದಿಲ್ಲ. ಅರ್ಜಿ ತುಂಬಲು ಹೋದರೆ ಜಾಲತಾಣ ನನ್ನ ಬ್ರೌಸರನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತದೆ. ಎಷ್ಟೋ ಸಲ ತಲೆ ಕೆಟ್ಟು ಮೊಸರುಗಡಿಗೆಯಾಗಿದೆ. ಇಂಡಿಯಲ್ಲಿರುವ ನಮ್ಮಣ್ಣ, "ಎಲ್ಲಾರಂಗ ಇರಾಕ ಏನ್ ಧಾಡಿ ನಿನಗ?" ಎಂದು ಕೇಳುತ್ತಾನೆ. ಧಾಡಿಯೇ ಇರಬೇಕು. ಆದರೂ ನಾನು ಬಿಟ್ಟಿಲ್ಲ.

ಹೆಂಡತಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಕಣ್ಣಿನ ಒಳಪದರ ಸವೆಯುವ ಕಾಯಿಲೆ ಬಂದು ನೋಟ ಸ್ವಲ್ಪಸ್ವಲ್ಪವೇ ಹೋಯಿತು. ಇನ್ನು ಮರಳಿ ಬರುವುದಿಲ್ಲ ಎಂದು ವಿಜಯಪುರದ ಡಾಕ್ಟರು ಹೇಳಿದ ದಿನ ಅವಳು ಮನೆಗೆ ಬಂದು ನೀರು ಕುಡಿದ ಮೇಲೆ ಕೇಳಿದಳು: "ಏನ್ರೀ, ನಿಮ್ಮ ಆ ಹಟಮಾರಿ ಕಂಪ್ಯೂಟರ್ ಮಾತಾಡ್ತೈತೇನ್ರಿ?"

ಮಾತಾಡುತ್ತದೆ. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಅದರಲ್ಲಿದೆ. ಅದರ ಕನ್ನಡ ಮಾತ್ರ ನೆಗಡಿ ಹಿಡಿದ ಸಂತೆಯ ದಲಾಲಿ ಕೂಗಿದಂತೆ. ಮೊದಲ ಸಲ ಕೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಪ್ಪಾ, ಇವನ ಮೂಗಿಗೆ ಯಾರರ ಶುಂಠಿ ಹಚ್ರಿ!" ಎಂದಳು. ನಾಲ್ಕು ದಿನಕ್ಕೇ ವರಾತ ಶುರುವಾಯಿತು. "ಇಷ್ಟ್ ಸಾವಕಾಶ ಮಾತಾಡಿದ್ರ ನನ್ನ ರೊಟ್ಟಿ ಹೊತ್ತತಾವ. ಓಡಸ್ರಿ ಜೋರ." ನಾನು ವೇಗ ಹೆಚ್ಚಿಸುತ್ತಾ ಹೋದೆ. ಈಗ ಅದು ಓದುವ ವೇಗಕ್ಕೆ ನನಗೆ ಒಂದಕ್ಷರ ತಿಳಿಯುವುದಿಲ್ಲ. ಅವಳು ರೊಟ್ಟಿ ಬಡಿಯುತ್ತಾ ಇಡೀ ಪಾಠ ಕೇಳಿ ಮುಗಿಸುತ್ತಾಳೆ.

ಹೆಡ್‌ಮಾಸ್ತರರು ಒಳ್ಳೆಯವರು. ಆದರೂ ಒಂದು ದಿನ ಅವಳನ್ನು ಕರೆದು, "ಅಕ್ಕೋರ, ನಿಮ್ಮ ಪಾಠದ ಬಗ್ಗೆ ಎರಡು ಮಾತಿಲ್ರಿ. ಆದ್ರ ಹತ್ತನೇ ಕ್ಲಾಸ್ ಅಂದ್ರ ಪ್ರಶ್ನೆಪತ್ರಿಕಿ ತೆಗೀಬೇಕು, ಪ್ರೂಫ್ ನೋಡಬೇಕು. ಉತ್ತರಪತ್ರಿಕಿ ಓದಾಕ ಸಹಾಯಕ್ಕ ಯಾರ್ನರ ಕೊಡಬಹುದು, ಪ್ರಶ್ನೆಪತ್ರಿಕಿಗೆ ಹ್ಯಾಂಗ್ ಕೊಡೂದು? ಅದು ಗುಟ್ಟಿನ ಕೆಲಸ. ಎಂಟನೇದ್ದು ತಗೊಂಡು ಆರಾಮ ಇರ್ರಿ" ಎಂದರು. ಅವಳಿಗೆ ಹತ್ತನೇ ಕ್ಲಾಸೆಂದರೆ ಜೀವ. ಕಣ್ಣು ಹೋದಾಗ ಅಳದಿದ್ದವಳು ಅವತ್ತು ಮನೆಗೆ ಬಂದು ಅತ್ತಳು. ಮರುದಿನ ಹೋಗಿ, "ಈ ವರ್ಷದ ಪತ್ರಿಕಿ ನಾ ಒಬ್ಬಾಕೀನ ಮಾಡ್ತೇನ್ರಿ. ಒಂದು ತಪ್ಪು ಉಳಿದ್ರೂ ಹತ್ತನೇದ್ದು ನಾನಾಗೇ ಬಿಡ್ತೇನಿ" ಎಂದು ಹೇಳಿ ಬಂದಳು. ಇಂಥ ಪಂಥ ಯಾಕೆ ಕಟ್ಟಬೇಕಿತ್ತು ಎಂದು ರೇಗಿದೆ. "ನಿಮ್ಮ ಕೂಡ ಬಾಳ್ವೆ ಮಾಡಿ ಮಾಡಿ ಬಂದ ಗುಣ" ಎಂದಳು.

ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಕೆಲವು ಶಾಲೆಗಳು ಕೂಡಿ ಅಚ್ಚು ಹಾಕಿಸುತ್ತವೆ. ಬರೆಯುವುದು ಅವಳಿಗೆ ಕಷ್ಟವಾಗಲಿಲ್ಲ, ಲಿನಕ್ಸಿನಲ್ಲಿ ತಾನೇ ಟೈಪ್ ಮಾಡಿ ಕಳಿಸಿದಳು. ತೊಂದರೆ ಬಂದದ್ದು ಮುದ್ದೇಬಿಹಾಳದ ಪ್ರೆಸ್ಸಿನಿಂದ ಪ್ರೂಫಿನ ಫೈಲು ಬಂದಾಗ. ಅವರು ಅದನ್ನು ಹಳೆಯ ಕನ್ನಡ ಫಾಂಟಿಗೆ ಬದಲಿಸಿದ್ದರು.

ಹಳೆಯ ಕನ್ನಡ ಫಾಂಟುಗಳ ಒಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ, ಚಿಹ್ನೆಗಳಿಗೆ ಕನ್ನಡದ ಅಂಗಿ ತೊಡಿಸಿರುತ್ತಾರೆ. ಪರದೆಯ ಮೇಲೆ ಕಾಣುವುದು 'ಕ', ಒಳಗೆ ಕೂತಿರುವುದು ಇಂಗ್ಲಿಷಿನ 'ಪಿ'. ಕಣ್ಣಿದ್ದವರಿಗೆ ಅಂಗಿ ಸಾಕು. ಓದಿ ಹೇಳುವ ಯಂತ್ರಕ್ಕೆ ಅಂಗಿ ಕಾಣುವುದಿಲ್ಲ, ಅದು ಒಳಗಿನದನ್ನೇ ಒದರುತ್ತದೆ. ಅವಳು ಪ್ರೂಫ್ ತೆರೆದಾಗ ನಮ್ಮ ದಲಾಲಿಗೆ ಸನ್ನಿ ಹಿಡಿದಂತಾಯಿತು.

ನಾನು ಹುರುಪಿನಿಂದ ಹಳೆಯ ಫಾಂಟನ್ನು ಹೊಸದಕ್ಕೆ ಬದಲಿಸುವ ಪ್ರೋಗ್ರಾಂ ಒಂದನ್ನು ಬರೆದೆ. ಹಳೆಯ ಪಾಠವೊಂದನ್ನು ಹಾಕಿ ಪರೀಕ್ಷಿಸಿದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಯಿತು. 'ಅರ್ಥ' ಹೋಗಿ 'ಅಥರ್' ಆಯಿತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಕೂರುತ್ತದೆ, ಹೊಸದರಲ್ಲಿ ಮೊದಲೇ ಬರಬೇಕು, ನನ್ನ ಪ್ರೋಗ್ರಾಂ ಅದನ್ನು ಮರೆತಿತ್ತು. ತಿದ್ದುತ್ತೇನೆ ಎಂದೆ. ಅವಳು ತಲೆಯಾಡಿಸಿದಳು.

"ಬ್ಯಾಡ್ರಿ. ನೀವು ತಿದ್ದೀರಿ, ಮತ್ತೊಂದು ಕೆಡ್ತೈತಿ. ಆಮ್ಯಾಲ ತಪ್ಪು ಕಿವಿಗೆ ಬಿದ್ರ ಅದು ಮುದ್ದೇಬಿಹಾಳದ್ದೋ ನಿಮ್ದೋ, ನನಗ ಹ್ಯಾಂಗ ತಿಳೀಬೇಕು? ಒಳಗ ಏನೈತಿ ಅದನ್ನ ಓದಸ್ರಿ. ನಾ ಅದನ್ನ ಕಲೀತೇನಿ."

"ಹುಚ್ಚಿ, ಅದು ಭಾಷೆಯೇ ಅಲ್ಲ!"

"ಮಂದಿ ಓದಾಕತ್ತಾರ ಅಂದ್ರ ಭಾಷಾನ."

ನಾನೇ ಓದಿ ಹೇಳುತ್ತೇನೆ ಎನ್ನುವಂತಿರಲಿಲ್ಲ. ಪತ್ರಿಕೆಯ ಒಂದು ಸಾಲೂ ಅವಳು ನನಗೆ ತೋರಿಸಲಿಲ್ಲ. ನಾನು ಆ ಕೋಣೆಗೆ ಚಹಾ ಒಯ್ದರೂ ಲ್ಯಾಪ್‌ಟಾಪ್ ಮುಚ್ಚುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಮಾಡಲು ನನಗೆ ಉಳಿದಿದ್ದ ಕೆಲಸ ಒಂದೇ. ಮೊಬೈಲಿನಂಥ ಜಾಣ ಯಂತ್ರಗಳು ಗುರುತಿಲ್ಲದ ಚಿಹ್ನೆ ಬಂದರೆ ತಾವೇ ಹಾರಿಸಿ ಮುಂದೆ ಹೋಗುತ್ತವೆ. ಹಾರಿಸಬೇಡ ಎಂದರೆ ಕೇಳುವುದಿಲ್ಲ. ಲಿನಕ್ಸ್ ಕೇಳಿತು. ಒಂದೊಂದು ಚಿಹ್ನೆಗೂ ನಾವೇ ಹೆಸರಿಟ್ಟೆವು: ಇದು ತಲೆಕಟ್ಟು, ಇದು ಕೊಂಬು, ಇದು ಅರ್ಕಾವತ್ತು. ಇಂಗ್ಲಿಷ್ ಅಕ್ಷರಗಳನ್ನು, ಪೌಂಡ್ ಹಣದ ಚಿಹ್ನೆಯನ್ನು ಮಾತ್ರ ಹಾಗೇ ಬಿಟ್ಟೆವು, ಮುಟ್ಟಿದರೆ ಅವಳ ಬೇರೆ ಕೆಲಸ ಕೆಡುತ್ತಿತ್ತು.

ಮುಂಜಾನೆ ಅವಳು ಒಲೆಯ ಮುಂದೆ ಕೂತಾಗ ನಾನು ಬಾಗಿಲಲ್ಲಿ ನಿಂತು ಕೇಳುವೆ: "ಪಿ?" "ಕ." "ಜೆಡ್?" "ದ." "ಪೌಂಡ್?" "ನ. ನಮ್ಮ ಮನಿಯವರು ಅಂದ್ರ ಪೌಂಡಿಂದ ಸುರು, ನೋಡ್ರಿ ಎಷ್ಟ್ ತುಟ್ಟಿ!" ಇಂಥ ಚೇಷ್ಟೆ ನಡುನಡುವೆ. ಎರಡು ವಾರದೊಳಗೆ ಅವಳು ಆ ಒದರಾಟವನ್ನು ಕನ್ನಡವೆಂದೇ ಕೇಳತೊಡಗಿದಳು. ನಾನು ಲಿನಕ್ಸನ್ನು ಇಷ್ಟು ವರ್ಷ ಬಳಸಿ ಮೀಸೆ ತಿರುವಿದ್ದು ಸುಮ್ಮನೆ. ಇಂಥ ಕೆಲಸ ನನ್ನಿಂದ ಆಗುತ್ತಿರಲಿಲ್ಲ.

ಪ್ರೂಫ್ ಒಪ್ಪಿಸುವ ದಿನ ನಾನೇ ಅವಳನ್ನು ಶಾಲೆಗೆ ಬಿಟ್ಟು, ಹೆಡ್‌ಮಾಸ್ತರರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು. ಆ ಪರೀಕ್ಷೆ ಮುಗಿದುಹೋಗಿದೆ, ಈಗ ಹೇಳಿದರೆ ಅಡ್ಡಿಯಿಲ್ಲ. ಒಳಗೆ ಹೆಡ್‌ಮಾಸ್ತರರು, "ಇಂಡಿ, ಬಾಗೇವಾಡಿ ಹೆಡ್‌ಮಾಸ್ತರರು ಇಬ್ಬರೂ ಪ್ರೂಫಿನ ಹಾಳಿ ನೋಡ್ಯಾರ ಅಕ್ಕೋರ. ಪೂರಾ ಸ್ವಚ್ಛ ಐತಂತ. ನಾನೂ ನೋಡೇನಿ. ಅಚ್ಚಿಗೆ ಕಳಸೂನಲ್ಲ?" ಎಂದರು.

"ಕಳಸಬ್ಯಾಡ್ರಿ. ವ್ಯಾಕರಣದ ಪ್ರಶ್ನೆಯೊಳಗ ತಪ್ಪೈತಿ."

"ಎಲ್ಲಿ?"

"ಮಹಾಪ್ರಾಣಾಕ್ಷರ ಇರೋ ಪದ ಯಾವುದು ಅಂತ ಕೇಳೇನಲ್ರಿ, ಅದರ ನಾಲ್ಕು ಆಯ್ಕೆ ಓದ್ರಿ."

ಹೆಡ್‌ಮಾಸ್ತರರು ಗಟ್ಟಿಯಾಗಿ ಓದಿದರು: "ಮನ, ಜನ, ವನ, ಧನ. ಸರಿ ಐತಲ್ರಿ? ಧನ."

"ನೀವು ಧನ ಅಂದ್ರಿ. ಅಲ್ಲಿರೋದು ದನ. ದ-ಕ್ಕ ಹೊಟ್ಟಿ ಸೀಳಿಲ್ರಿ. ಜೆಡ್ ಆದ ಮ್ಯಾಲ ಹೊಟ್ಟಿ ಸೀಳೋ ಎಸ್ ಬರಬೇಕಿತ್ತು, ನಂಗ ಕೇಳಿಸಲಿಲ್ಲ."

ಹೆಡ್‌ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಹಾಳೆಯನ್ನು ಮೂಗಿನ ಹತ್ತಿರ ತಂದದ್ದು ನನಗೆ ಹೊರಗಿನಿಂದಲೇ ಕಂಡಿತು. ದನವೇ ಇತ್ತು. ನಾಲ್ಕು ಪದಗಳಲ್ಲಿ ಒಂದರಲ್ಲೂ ಮಹಾಪ್ರಾಣವಿರಲಿಲ್ಲ, ನಾಲ್ಕೂ ಕಡೆಯ ಮಕ್ಕಳು ಉತ್ತರವಿಲ್ಲದ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಬೇಕಾಗುತ್ತಿತ್ತು. ಮೂರು ಜೋಡಿ ಕಣ್ಣು ಅಲ್ಲಿ ಧನವನ್ನೇ ಓದಿಕೊಂಡು ಮುಂದೆ ಹೋಗಿದ್ದವು. ನನಗೆ ಅಳು ಬಂತು. ಬಂತು ಎಂದೇ ಹೇಳುತ್ತೇನೆ, ಮುಚ್ಚಿಡುವುದೇನಿದೆ. ಅಂಗಳದಲ್ಲಿ ಹುಡುಗರಿದ್ದರು, ಕರ್ಚೀಫಿನಿಂದ ಮುಖ ಒರೆಸಿಕೊಂಡೆ.

ಹೆಡ್‌ಮಾಸ್ತರರು ಮುದ್ದೇಬಿಹಾಳಕ್ಕೆ ಫೋನ್ ಮಾಡಿ, ಅಚ್ಚಿಗೆ ಮೊದಲು ಅಕ್ಷರ ತಿದ್ದಲು ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಕೆಮ್ಮಿದರು. "ಅಕ್ಕೋರ, ಬರೋ ವರ್ಷದ ಟೈಮ್‌ಟೇಬಲ್ ಬರ್ಯಾಕತ್ತೇನಿ. ಹತ್ತನೇದ್ದು ಕನ್ನಡ ನಿಮ್ಮ ಹೆಸರಿಗೇ ಹಾಕ್ತೇನಿ. ಮಧ್ಯಾಹ್ನ ಊಟ ಆದ ಮ್ಯಾಲಿನ ಪಿರಿಯಡ್ ಖಾಲಿ ಐತಿ, ನಡೀತೈತೇನ್ರಿ?"

"ಬ್ಯಾಡ್ರಿ ಸರ್, ಮುಂಜಾನೇದ್ದು ಕೊಡ್ರಿ" ಎಂದಳು ನನ್ನ ಹೆಂಡತಿ. "ಊಟ ಆದ ಮ್ಯಾಲ ಹಿಂದಿನ ಬೆಂಚಿನವು ನಿದ್ದಿ ಮಾಡ್ತಾವ. ನಿಮಗ ಕಾಣೂದಿಲ್ಲ, ನನಗ ಕೇಳಸ್ತೈತಿ."