ಕುರಿಗಳ ಮೈಬಿಸಿ ಅಳೆಯಲು ಹೋದವಳು

ಸುಡುಬಿಸಿಲಿಗೆ ಕುರಿಗಳ ಮೈ ಹೇಗೆ ಹೊಂದಿಕೊಳ್ಳುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ನಾನು ಹುಟ್ಟಿ ಬೆಳೆದದ್ದು ಬಿಸಿಲುನಾಡಿನ ಸುರಪುರದಲ್ಲಿ. ಆಮೇಲಿನ ವರ್ಷಗಳನ್ನೆಲ್ಲ ಕಳೆದದ್ದು ಮೈಸೂರಿನ ಕಾಲೇಜೊಂದರ ಎ.ಸಿ. ಪ್ರಯೋಗಾಲಯದಲ್ಲಿ. ಹೋದ ಬೇಸಿಗೆ ನಮ್ಮೂರ ಕಡೆಯ ವನದುರ್ಗದ ಹತ್ತಿರ ಕುರಿ ಸಾಕುವ ಗಂಡ ಹೆಂಡತಿ ನಾನು ತಮ್ಮ ಹಿಂಡನ್ನು ಪರೀಕ್ಷಿಸಲು ಒಪ್ಪಿದರು. ಮೈಸೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದವಳು ಮಾರನೆಯ ಮಧ್ಯಾಹ್ನವೇ ಅವರ ಹೊಲದಲ್ಲಿ ನಿಂತಿದ್ದೆ.

ಕುರಿಗಳು ಒಂದರ ಹೊಟ್ಟೆಯ ನೆರಳಲ್ಲಿ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ಗಂಡ ಒಂದೊಂದನ್ನೇ ಹಿಡಿದು ತರುತ್ತಿದ್ದ. ನಾನು ಬಾಲದಡಿ ಥರ್ಮಾಮೀಟರ್ ಇಟ್ಟು, ಪಕ್ಕೆಯ ಏರಿಳಿತ ನೋಡಿ ಉಸಿರು ಎಣಿಸುತ್ತಿದ್ದೆ.

"ಅಕ್ಕಾರ, ನೆಳ್ಳಿಗರ ಬರ್ರಿ. ಬಿಸಲು ಭಾಳ ಐತಿ," ಎಂದು ಹೆಂಡತಿ ಬೇವಿನ ಮರದಡಿಯಿಂದ ಕೂಗಿದಳು.

"ನಾ ಸುರಪುರದಾಕಿ ಅದೀನವ್ವಾ! ಈ ಬಿಸಲು ನನಗೇನ್ ಹೊಸಾದು?" ಎಂದೆ, ಬಹಳ ಜೋರಾಗಿ.

ಬಿಸಿಲಿಗೆ ಪಳಗಿದ ದೇಹ ಕೆಲವು ವಾರ ತಂಪಿನಲ್ಲಿದ್ದರೆ ಆ ಪಾಠವನ್ನು ಮರೆತುಬಿಡುತ್ತದೆ. ಇದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ, ಪರೀಕ್ಷೆಯಲ್ಲೂ ಕೇಳುತ್ತೇನೆ. ಆದರೆ ನನಗೂ ಒಂದು ದೇಹವಿದೆ ಎಂಬುದು ಅಂದು ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಲೆಕ್ಕ ತಪ್ಪತೊಡಗಿತು. ಎಣಿಸುತ್ತಿರುವುದು ಕುರಿಯ ಉಸಿರೋ ನನ್ನದೋ ತಿಳಿಯದಾಯಿತು. ಕಣ್ಣಿಗೆ ಕತ್ತಲು ಕವಿಯಿತು.

ಎಚ್ಚರವಾದಾಗ ಬೇವಿನ ಮರದಡಿ ಮಲಗಿದ್ದೆ. ತಲೆಯ ಮೇಲೆ ಒದ್ದೆ ಟವೆಲ್ ಇತ್ತು, ಬಾಯಲ್ಲಿ ಏನೋ ಗಟ್ಟಿಯಾದದ್ದು.

"ಜ್ವರ ಬಂದಾವೇನಂತ ನೋಡಾಕತ್ತೀನ್ರಿ," ಎಂದಳು ಹೆಂಡತಿ. "ನೀವ ತಂದಿದ್ದಲ್ರಿ ಇದು?"

ನಾನು ಥರ್ಮಾಮೀಟರನ್ನು ಉಗಿದೆ. ಗಂಡ ಆ ಕಡೆ ಮುಖ ತಿರುಗಿಸಿದ. ಅವನ ಹೆಗಲು ಕುಲುಕುತ್ತಿತ್ತು.

"ನಿಮ್ಮ ಓಡ್ನಿಲೇ ಚಂದಂಗ ಒರಸೇ ಇಟ್ಟೀನ್ರಿ ಮತ್ತ!" ಎಂದಳು ಆಕೆ, ನನ್ನ ದುಪಟ್ಟಾ ತೋರಿಸಿ, ಬೇಜಾರು ಮಾಡಿಕೊಂಡು.

ಹಿಂಡನ್ನು ಪಕ್ಕದ ಹೊಲದವರಿಗೆ ಒಪ್ಪಿಸಿ, ನನ್ನನ್ನು ಬೈಕಿನ ಮೇಲೆ ಇಬ್ಬರ ನಡುವೆ ಒತ್ತಿ ಕೂರಿಸಿಕೊಂಡು ಶಹಾಪುರದ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಸಲೈನ್ ಹಚ್ಚಿ, "ಏನ್ ಕೆಲಸಾ ಮಾಡ್ತೀರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೆಮ್ಮೆಯಿಂದ ಹೇಳಿದಳು: "ಬಿಸಲು ಹೆಂಗ ತಡಕೋಬೇಕಂತ ಕಾಲೇಜಿನ್ಯಾಗ ಕಲಸ್ತಾರ್ರಿ."

ಡಾಕ್ಟರು ಸಲೈನ್ ಬಾಟಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹನಿ ಬೀಳುವ ವೇಗ ಹೆಚ್ಚಿಸಿದರು.

ಆಮೇಲೆ ಎರಡು ವಾರ ಸುರಪುರದ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ನಾನೇ ಬರೆದ ಪಾಠದಂತೆ ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ಬಿಸಿಲಲ್ಲಿ ನಡೆದೆ. ಯಾಕೆ ಹೀಗೆ ತಿರುಗುತ್ತಾಳೆಂದು ನೆರೆಯವರು ಕೇಳಿದರೆ, "ಮೈಸೂರಿನ್ಯಾಗ ಮೆತ್ತಗಾಗ್ಯಾಳ, ಒಣಗಸಾಕತ್ತೇನಿ," ಎನ್ನುತ್ತಿದ್ದಳು ಚಿಕ್ಕಮ್ಮ, ಹಪ್ಪಳದ ವಿಷಯ ಹೇಳುವಂತೆ. ಮತ್ತೆ ವನದುರ್ಗಕ್ಕೆ ಹೋದಾಗ ಗಂಡ ಕುರಿ ಹಿಡಿಯುವ ಮೊದಲು ನನ್ನ ಮುಖ ಪರೀಕ್ಷಿಸಿದ. ಕೆಲಸ ಸುಸೂತ್ರವಾಗಿ ಮುಗಿಯಿತು.

ಈಚೆಗೆ ಒಂದು ಸಭೆಯಲ್ಲಿ ಈ ಅಧ್ಯಯನದ ಬಗ್ಗೆ ಮಾತಾಡಿದೆ. ಮೊದಲ ದಿನದ ಅಳತೆಗಳು ಅರ್ಧಕ್ಕೇ ನಿಂತದ್ದೇಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

"ಉಪಕರಣ ಕೈಕೊಟ್ಟಿತು," ಎಂದೆ.